ಗಡಿಗೆಯ ಭೂಮಿ

ಆಷಾಢದ ಗಾಳಿ ಬೆಳಿಗ್ಗೆ ಆರಕ್ಕೇ ಎದ್ದು ಹಾಲಸ್ವಾಮಿ ಮೇಷ್ಟ್ರ ಮನೆಯ ಚಿಲಕ ಅಲ್ಲಾಡಿಸುತ್ತಿತ್ತು. ಯಾರೋ ಬಂದರೆಂದು ಅವರು ಹಾಸಿಗೆಯಲ್ಲಿ ಎದ್ದು ಕೂತರು. ಯಾರೂ ಬರುವುದಿಲ್ಲವೆಂದು ಚೆನ್ನಾಗಿ ಗೊತ್ತು. ಆದರೂ ಎರಡು ವರ್ಷದಿಂದ ಹೀಗೇ ಎದ್ದು ಕೂರುತ್ತಾರೆ, ಎಂಥ ಹುಚ್ಚೋ ಏನೋ. ಬನಿಯನ್ನು ಬೆನ್ನಿಗೆ ಅಂಟಿಕೊಂಡಿತ್ತು. ಕೊಟ್ಟೂರಿನ ಆಷಾಢವೆಂದರೆ ಇಷ್ಟೇ: ಹೊರಗೆ ಮನುಷ್ಯನನ್ನೇ ನೂಕುವ ಗಾಳಿ, ಒಳಗೆ ಕುದಿ, ಕಿಟಕಿ ತೆಗೆದರೆ ಊರಿನ ಧೂಳೆಲ್ಲ ಹಾಸಿಗೆಯ ಮೇಲೆ. ತಲೆಯ ಮೇಲೆ ಫ್ಯಾನಿದೆ, ಕರೆಂಟೂ ಇದೆ. ಹೆಂಡತಿ ತೀರಿಕೊಂಡ ವರ್ಷ ಆ ಫ್ಯಾನು ಸುಟ್ಟುಹೋದಾಗ ಮೆಕ್ಯಾನಿಕ್ ಯೂಸುಫ್ ಸಾಬ್ ಬಿಚ್ಚಿಕೊಂಡು ಹೋಗಿ, ಹೊಸ ತಾಮ್ರದ ತಂತಿ ಸುತ್ತಿ, ತಾನೇ ತಂದು ಹಾಕಿ, 'ಇನ್ನ ನೀವು ಇರೋತನಕ ಇದರ ಚಿಂತಿ ಬ್ಯಾಡ ಮೇಷ್ಟ್ರೇ' ಎಂದಿದ್ದ. ಆ ಸ್ವಿಚ್ಚನ್ನು ಮೇಷ್ಟ್ರು ಎರಡು ವರ್ಷದಿಂದ ಮುಟ್ಟಿಲ್ಲ. ರೆಕ್ಕೆಗಳ ಮೇಲೆ ಧೂಳು ಗಟ್ಟಿಯಾಗಿ ಕೂತಿದೆ. ಬೀಸಣಿಗೆ ಹಿಡಿದು ಮಲಗುತ್ತಾರೆ. ನಿದ್ದೆ ಹತ್ತುವ ಹೊತ್ತಿಗೆ ಅದು ಕೈಜಾರಿ ಮುಖದ ಮೇಲೆ ಬಿದ್ದು ಎಚ್ಚರವಾಗುತ್ತದೆ. ಇದು ತಾವೇ ಹಾಕಿಕೊಂಡ ಶಿಕ್ಷೆಯೆಂದು ಅವರು ಯಾರಿಗೂ ಹೇಳಿಲ್ಲ. ಹೇಳಲು ಯಾರಿದ್ದಾರೆ?

ಯರ್ರೆಪ್ಪನ ಚಹದಂಗಡಿಯ ಟಾರ್ಪಾಲು ಪಟಪಟ ಬಡಿದುಕೊಳ್ಳುತ್ತಿತ್ತು. ಯರ್ರೆಪ್ಪ ಲೋಟಕ್ಕೆ ಅಂಗೈ ಅಡ್ಡ ಹಿಡಿದು, ಧೂಳು ಬೀಳದಂತೆ ಚಹ ತಂದುಕೊಟ್ಟ. 'ಸುದ್ದಿ ಗೊತ್ತೇನ್ರಿ ಮೇಷ್ಟ್ರೇ? ಯೂಸುಫ್ ಸಾಬ್ ಅಂಗಡಿ ಖಾಲಿ ಮಾಡಾಕತ್ಯಾನ. ಸಂಜಿ ಐದಕ್ಕ ಗಾಡಿ ಹೇಳ್ಯಾನಂತ. ಹರಪನಹಳ್ಳಿಗೆ ಹೊಂಟ, ಮಗಳು ಮುಮ್ತಾಜ್ ಮನಿಗೆ. ಇನ್ನ ಈ ಕಡಿ ಬರಾಂಗಿಲ್ಲ ಅಂತಾನ.' ಮೇಷ್ಟ್ರು ಚಹ ಊದಿದರು. ಅದು ಆಗಲೇ ಗಾಳಿಗೆ ಆರಿತ್ತು, ಊದುವ ಅಗತ್ಯವಿರಲಿಲ್ಲ. 'ಕೈ ಹೋತ್ರಿ ಪಾಪ ಅವನ್ದು, ಕೆಲಸ ಮೊದಲಿನಂಗಿಲ್ಲ,' ಎಂದ ಯರ್ರೆಪ್ಪ. 'ಇಲ್ದಿದ್ರ ನಿಮ್ಮ ಸಾಲ್ಯಾಗ ಫ್ಯಾನ್ ಬೀಳ್ತಿತ್ತೇನು? ಆ ಹುಡುಗಿ ತಲಿ ಮ್ಯಾಲೆ ಬಿದ್ದಿದ್ರ ಏನ್ರಿ ಗತಿ! ಅವತ್ತಿನಿಂದ ಯಾರೂ ಅವನ ಹತ್ರ ಫ್ಯಾನ್ ಒಯ್ಯಲಿಲ್ಲ ನೋಡ್ರಿ. ಅಲ್ಲಾ, ನಿಮ್ಮ ದೋಸ್ತ್ ಅಲ್ಲೇನ್ರಿ ಅವ? ನಿಮಗ ಹೇಳಿಲ್ಲೇನು?' 'ಹೇಳಿದ್ದ, ಹೇಳಿದ್ದ,' ಎಂದರು ಮೇಷ್ಟ್ರು. ಎಷ್ಟು ಸಲೀಸಾಗಿ ಬಂತು ಸುಳ್ಳು! ತಮ್ಮ ಬಾಯಿಯ ಬಗ್ಗೆ ಅವರಿಗೆ ಹೇಸಿಗೆಯಾಯಿತು.

ಕೈ ಹೋಗಿದ್ದು ಯೂಸುಫ್‌ನದಲ್ಲ. ಇಪ್ಪತ್ತು ವರ್ಷ, ಪ್ರತಿ ಆಷಾಢದಲ್ಲಿ, ಎಂಟನೇ ತರಗತಿಗೆ ಗಾಳಿಯ ಪಾಠ ಬಂದಾಗ ಮೇಷ್ಟ್ರು ಫ್ಯಾನಿಗೆ ಭೂಮಿ ಕಟ್ಟುತ್ತಿದ್ದರು. ಕುಂಬಾರರ ಓಣಿಯಿಂದ ತಂದ ಮಣ್ಣಿನ ಗಡಿಗೆ. ಅದಕ್ಕೆ ನೀಲಿ ಬಳಿದು ಖಂಡಗಳನ್ನು ಬರೆದವರು ತಾವೇ. ನೆಲುವಿನಂತೆ ದಾರದ ಬಲೆ ಹೆಣೆದು, ಗಡಿಗೆಯನ್ನು ಬೋರಲಾಗಿ ಫ್ಯಾನಿನ ಬುಡಕ್ಕೆ ತೂಗುಹಾಕಿ, ರೆಗ್ಯುಲೇಟರನ್ನು ಒಂದಕ್ಕಿಟ್ಟರೆ ಭೂಮಿ ಮೆಲ್ಲಗೆ ತಿರುಗುತ್ತಿತ್ತು. ಬೆಂಚು ಹತ್ತಿ ನಿಂತು ಉತ್ತರ ಧ್ರುವದ ಮೇಲೆ ಕುಂಕುಮದ ನೀರು ಬಿಟ್ಟರೆ ಅದು ನೇರ ಇಳಿಯದೆ ಬಲಕ್ಕೆ ವಾಲಿ ಹರಿಯುತ್ತಿತ್ತು, ಮಕ್ಕಳು 'ಓಹ್' ಎನ್ನುತ್ತಿದ್ದರು. ವರ್ಷಕ್ಕೊಂದು ಸಲ ಕೇಳುವ ಆ ಓಹ್‌ಗಾಗಿ ಮೇಷ್ಟ್ರು ಉಳಿದ ವರ್ಷವನ್ನೆಲ್ಲ ದೂಡುತ್ತಿದ್ದರು ಎಂದರೂ ತಪ್ಪಿಲ್ಲ. ಫ್ಯಾನು ಭೂಮಿಗೆ ಉಲ್ಟಾ ತಿರುಗುತ್ತದೆ ಎಂದು ಮೊದಲ ವರ್ಷವೇ ಗೊತ್ತಾಗಿ, ಯೂಸುಫ್ ಬಂದು ವೈರು ಅದಲುಬದಲು ಮಾಡಿಕೊಟ್ಟಿದ್ದ. ಆಮೇಲೆ ವರ್ಷವೂ ಆ ದಿನಕ್ಕೆ ಅವನೇ ಬಂದು ಬದಲಿಸಿ, ಬಾಗಿಲಲ್ಲಿ ನಿಂತು ಪಾಠ ಕೇಳಿ, ಮತ್ತೆ ಸರಿಮಾಡಿ ಹೋಗುತ್ತಿದ್ದ. ಒಮ್ಮೆ ಇಬ್ಬರೂ ಮರೆತು, ವಾರವಿಡೀ ಎಂಟನೇ ತರಗತಿಯ ಗಾಳಿಯೆಲ್ಲ ಸೂರಿಗೆ ಬೀಸಿ, ಮಕ್ಕಳು ಬೆವರಿ ಬೇಸತ್ತು ಹೋಗಿದ್ದರು. ಆ ನಗು ವರ್ಷಗಟ್ಟಲೆ ಸಾಲಿತ್ತು ಅವರಿಬ್ಬರಿಗೆ. ಮೂರು ವರ್ಷದ ಹಿಂದೆ ಹಳೆಯ ಉಕ್ಕಿನ ಫ್ಯಾನು ಹೋಗಿ ಶಾಲೆಗೆ ಹೊಸದು ಬಂತು. ಅದನ್ನು ತೂಗುಹಾಕಿದವನೂ ಯೂಸುಫನೇ. 'ಇದು ಹಗುರ ಮಾಲ್ರಿ, ಇದಕ್ಕ ಭಾರ ಕಟ್ಟಬ್ಯಾಡ್ರಿ. ಬ್ಯಾರೆ ಏನಾರ ಮಾಡೋಣು,' ಎಂದಿದ್ದ. ಮೊದಲ ಆಷಾಢ ಮೇಷ್ಟ್ರು ಕಟ್ಟಲಿಲ್ಲ. ಪಾಠ ಸಪ್ಪೆಯಾಯಿತು, ಹಿಂದಿನ ಬೆಂಚಿನವರು ಆಕಳಿಸಿದರು. ಮರುವರ್ಷ ಯೂಸುಫ್‌ಗೆ ಹೇಳದೆ, ತಾವೇ ವೈರು ಬದಲಿಸಿ, ಗಡಿಗೆ ಕಟ್ಟಿದರು. ಒಂದೇ ಒಂದು ಪೀರಿಯಡ್ಡು. ಏನೂ ಆಗಲಿಲ್ಲ. ಆದರೆ ಮಾರನೆಯ ದಿನದಿಂದ ಫ್ಯಾನು ಟಕ್ ಟಕ್ ಎನ್ನತೊಡಗಿತು. ಮೂರು ವಾರ ಅದರ ಕೆಳಗೆ ನಿಂತು ಪಾಠ ಮಾಡಿದರು, ಸದ್ದು ಕೇಳಿಸದಿರಲೆಂದು ದನಿ ಏರಿಸುತ್ತಾ. ಯೂಸುಫ್‌ಗೆ ಹೇಳಿದರೆ ಯಾಕೆ ಎಂದು ಕೇಳುತ್ತಾನಲ್ಲ! ನಾಳೆ ಹೇಳೋಣ, ಸೋಮವಾರ ಹೇಳೋಣ. ಒಂದು ಸೋಮವಾರ ಪ್ರಾರ್ಥನೆ ಮುಗಿದು ಮಕ್ಕಳು ಒಳಗೆ ಬರುವಾಗ ಫ್ಯಾನು ಕಳಚಿ, ಎರಡನೇ ಬೆಂಚಿನ ಭಾಗ್ಯಳ ಭುಜದ ಮೇಲೆ ಬಿತ್ತು. ಭುಜದ ಎಲುಬು ಮುರಿಯಿತು. ಫ್ಯಾನು ಹಾಕಿದ್ದು ಯಾರು ಎಂದು ಕೇಳಿದರು, ಅಷ್ಟೇ. ಗಡಿಗೆ ಕಟ್ಟಿದ್ದು ಯಾರು ಎಂದು ಯಾರೂ ಕೇಳಲಿಲ್ಲ. ಮಕ್ಕಳನ್ನಂತೂ ಯಾರೂ ಏನೂ ಕೇಳಲಿಲ್ಲ. ಹೆಡ್ಮೇಷ್ಟ್ರು ಗುರುಮೂರ್ತಿ ವರದಿ ಹೇಳುತ್ತಾ ಹೋದರು, ಶಾಲೆಯಲ್ಲೆಲ್ಲ ಒಳ್ಳೆಯ ಅಕ್ಷರದವರೆಂದು ಹಾಲಸ್ವಾಮಿ ಮೇಷ್ಟ್ರು ಬರೆದುಕೊಂಡರು: ಸದರಿ ಅವಘಡಕ್ಕೆ ಮೆಕ್ಯಾನಿಕ್ ಯೂಸುಫ್ ಸಾಬ್ ಅವರ ನಿರ್ಲಕ್ಷ್ಯವೇ ಕಾರಣ. 'ನಿರ್ಲಕ್ಷ್ಯ'ದ ಒತ್ತಕ್ಷರಗಳು ಎಷ್ಟು ಮುದ್ದಾಗಿ ಬಂದಿದ್ದವೆಂದು ಅವರಿಗೆ ಇವತ್ತಿಗೂ ನೆನಪಿದೆ.

ಇವತ್ತು ಹೇಳಲೇಬೇಕು. ಸಂಜೆ ಐದರ ಒಳಗೆ. ಆಮೇಲೆ ಹೇಳಲು ಮನುಷ್ಯನೇ ಇರುವುದಿಲ್ಲ. ಚಹದಂಗಡಿಯಿಂದ ಎಡಕ್ಕೆ ಹೋದರೆ ಯೂಸುಫ್‌ನ ಅಂಗಡಿ, ಬಲಕ್ಕೆ ಶಾಲೆ. ಅವರು ಎಡಕ್ಕೇ ಹೊರಟರು. ಗಾಳಿ ಬೆನ್ನಿಗಿತ್ತು, ಪಂಚೆಯನ್ನು ಮುಂದಕ್ಕೆ ನೂಕಿ, ನಡಿ ನಡಿ ಎನ್ನುತ್ತಿತ್ತು. ನಾಲ್ಕು ಅಂಗಡಿ ದಾಟಿದರೆ ಸಾಕು. ಮೂರು ದಾಟಿದರು. ನಾಲ್ಕನೆಯದರ ಮುಂದೆ ಬಂದಾಗ, ಪಕ್ಕದ ಅಂಗಡಿಯ ಒಳಗಿಂದ ಕಬ್ಬಿಣದ ಮೇಲೆ ಸುತ್ತಿಗೆಯ ಪೆಟ್ಟು ಕೇಳಿಸಿತು, ಯೂಸುಫ್ ಗೋಡೆಯ ಮೊಳೆಗಳನ್ನು ಕೀಳುತ್ತಿದ್ದಿರಬೇಕು. ಮೇಷ್ಟ್ರು ಗಡಿಯಾರ ನೋಡಿಕೊಂಡರು. ಒಂಬತ್ತೂ ಹತ್ತು. ಪ್ರಾರ್ಥನೆಗೆ ತಡವಾಗುತ್ತದೆ ಎಂದು, ಯಾರೋ ಕೇಳಿದವರಿಗೆ ಹೇಳುವಂತೆ ಗಟ್ಟಿಯಾಗಿ ಅಂದುಕೊಂಡು, ಪಕ್ಕದ ಸಂದಿಗೆ ತಿರುಗಿ ಸುತ್ತುಹಾಕಿ ಶಾಲೆ ಸೇರಿದರು. ಮೂವತ್ತೊಂದು ವರ್ಷದ ಸರ್ವಿಸಿನಲ್ಲಿ ಅವರು ಪ್ರಾರ್ಥನೆಗೆ ಒಮ್ಮೆಯೂ ತಡವಾಗಿರಲಿಲ್ಲ. ಒಂದು ದಿನ ತಡವಾಗಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ.

ಪಾಠ ಇವತ್ತೇ ಬಂದಿತ್ತು, ಬೇಕಂತಲೇ ಬಂದಂತೆ. ಎಂಟನೇ ತರಗತಿಯ ಸೂರಿನಲ್ಲಿ ಬರೀ ಕೊಂಡಿ ಉಳಿದಿದೆ. ಮೇಷ್ಟ್ರು ಬೋರ್ಡಿನ ಮೇಲೆ ದುಂಡಗೆ ಭೂಮಿ ಬರೆದರು. 'ಸೂರ್ಯ ಭೂಮಿಯ ನಡುಭಾಗದಾಗ ಬಾಳ ಸುಡ್ತಾನ. ಅಲ್ಲಿ ಗಾಳಿ ಕಾಯ್ತೈತಿ, ಹಗುರಾಗಿ ಮ್ಯಾಲೆ ಏರ್ತೈತಿ. ಏರಿದ್ದು ಅಲ್ಲೇ ಕುಂದರ್ತೈತೇನು? ಇಲ್ಲ. ಉತ್ತರಕ್ಕೊಂದಿಷ್ಟು, ದಕ್ಷಿಣಕ್ಕೊಂದಿಷ್ಟು ಹೋಗಿ, ತಣ್ಣಗಾಗಿ, ಮೂವತ್ತು ಡಿಗ್ರಿ ಹತ್ರ ಕೆಳಗ ಇಳೀತೈತಿ. ಅಲ್ಲಿ ಗಾಳಿ ಹೊರಿ, ಅಂದ್ರ ಒತ್ತಡ, ಜಾಸ್ತಿ ಆತು, ಇಲ್ಲಿ ನಡುವ ಖಾಲಿ ಆತು. ಆ ಖಾಲಿ ತುಂಬಾಕ ನೆಲ ಹಿಡಿದು ವಾಪಸ್ ಬರ್ತೈತಿ. ಹಂಗ ಬರೋದಕ್ಕ ನಾವು ಗಾಳಿ ಅಂತೀವಿ. ಎಲ್ಲಾ ಕಡಿ ಸಮ ಇದ್ರ ಗಾಳಿನೇ ಇಲ್ಲ.' ಕಿಟಕಿಯ ಬಾಗಿಲು ದಡ್ಡೆಂದು ಬಡಿಯಿತು. 'ಈಗ ಬೀಸಾಕತ್ತೈತಲ್ಲ, ಇದು ಎಲ್ಲಿಂದ ಹೊಂಟೈತಿ ಗೊತ್ತೇನು? ಸಮಭಾಜಕ ವೃತ್ತದ ಆ ಕಡಿ, ಮಡಗಾಸ್ಕರ್ ಆಚಿ ಸಮುದ್ರದಿಂದ. ವೃತ್ತ ದಾಟಿ, ಬಲಕ್ಕ ಹೊಳ್ಳಿ, ಸಮುದ್ರದ ನೀರೆಲ್ಲ ಹೊತ್ಕಂಡು ಬರ್ತೈತಿ. ಘಟ್ಟ ಏರೋವಾಗ ಮಳಿ ಎಲ್ಲಾ ಅಲ್ಲೇ ಸುರೀತೈತಿ. ನಮ್ಮ ಕೊಟ್ಟೂರಿಗೆ ಬರೋ ಹೊತ್ತಿಗೆ ಅದರ ಕೈಯಾಗ ಏನೂ ಇರಾಂಗಿಲ್ಲ.' ಇಷ್ಟು ಹೇಳಿ ಬೋರ್ಡಿನ ಕಡೆ ತಿರುಗಿದರು. ಎಷ್ಟು ಸಾವಿರ ಮೈಲಿ ದಾಟಿ ಬಂದು, ಕೊಡಬೇಕಾದಲ್ಲಿ ಬರಿಗೈ. ಈ ಮಾತನ್ನು ಇಪ್ಪತ್ತು ವರ್ಷ ಹೇಳಿದ್ದರು, ಒಮ್ಮೆಯೂ ತಮಗೆ ತಾಗಿರಲಿಲ್ಲ. 'ಸರ್, ಬಲಕ್ಕ ಯಾಕ ಹೊಳ್ತೈತಿ?' ಎಂದು ಯಾರೋ ಕೇಳಿದರು. 'ಗಾಳಿ ಸೀದಾನ ಹೋಗ್ತೈತಪ್ಪ. ಅದರ ಕೆಳಗ ನೆಲ ತಿರುಗ್ತೈತಿ. ಅದಕ್ಕ ಹೋಗಬೇಕಾದ ಜಾಗ ಬಿಟ್ಟು ಮತ್ತೊಂದು ಕಡಿ ಮುಟ್ತೈತಿ. ಅದರದ್ದೇನೂ ತಪ್ಪಿಲ್ಲ.' ಗಾಳಿಗಾದರೆ ಆ ನೆಪವಿದೆ. ಬೆಳಿಗ್ಗೆ ಸಂದಿಗೆ ತಿರುಗಿದಾಗ ತಮ್ಮ ಕಾಲ ಕೆಳಗೆ ಯಾವ ನೆಲವೂ ತಿರುಗಿರಲಿಲ್ಲ.

ಮೂರನೇ ಬೆಂಚಿನಿಂದ ಗೀತಾಂಜಲಿ ಎದ್ದಳು. ಭಾಗ್ಯಳ ತಂಗಿ, ಅಕ್ಕನ ಹಾಗೆಯೇ ಅಗಲ ಹಣೆ. 'ಸರ್, ಗಡಿಗಿ ಭೂಮಿ ತೋರ್ಸಾಂಗಿಲ್ಲೇನ್ರಿ? ನಮ್ಮಕ್ಕ ಹೇಳಿದ್ಲು. ಕೆಂಪು ನೀರು ಸೊಟ್ಟಗ ಹರೀತಿತ್ತಂತ. ಬಾಳ ಚಂದ ಇತ್ತಂತ.' ಅಕ್ಕನ ಆ ಭುಜ ಇವತ್ತಿಗೂ ಪೂರ್ತಿ ಮೇಲೇಳುವುದಿಲ್ಲ, ಹತ್ತನೇ ತರಗತಿಯಲ್ಲಿ ಉತ್ತರ ಗೊತ್ತಿದ್ದಾಗ ಭಾಗ್ಯ ಎಡಗೈ ಎತ್ತುತ್ತಾಳೆ. ಅವಳು ಮನೆಗೆ ಹೋಗಿ ಹೇಳಿದ್ದು ಇದನ್ನೇ? ಚಂದ ಇತ್ತು ಎಂದೇ? ಅವರು ಬೀರುವಿನಿಂದ, ಹಳೆಯ ಪತ್ರಿಕೆಯಲ್ಲಿ ಸುತ್ತಿಟ್ಟ ಗಡಿಗೆ ತಂದರು. ಆಫ್ರಿಕಾದ ಬಣ್ಣ ಉದುರಿತ್ತು. ಮೇಜಿನ ಮೇಲೆ ಬಟ್ಟೆಯ ಸಿಂಬೆ ಮಾಡಿ ಗಡಿಗೆಯನ್ನು ಬೋರಲಿಟ್ಟರು. 'ಬಾರವ್ವ, ನೀನ ತಿರುಗ್ಸು. ಪಶ್ಚಿಮದಿಂದ ಪೂರ್ವಕ್ಕ. ಮೆಲ್ಲಕ.' ಗೀತಾಂಜಲಿ ಎರಡೂ ಅಂಗೈಯಲ್ಲಿ ಭೂಮಿಯನ್ನು ತಿರುಗಿಸಿದಳು. ಮೇಷ್ಟ್ರು ಧ್ರುವದ ಮೇಲೆ ಕುಂಕುಮದ ನೀರು ಬಿಟ್ಟರು. ಅದು ಇಳಿಯಿತು, ವಾಲಿತು, ಬಲಕ್ಕೆ ಬಾಗಿ ಸಮುದ್ರ ದಾಟಿತು. 'ಓಹ್,' ಎಂದರು ಮಕ್ಕಳು. ಅದೇ ಓಹ್, ಒಂದು ಎಳೆಯೂ ಕಮ್ಮಿಯಿಲ್ಲ. ಇಷ್ಟೇ ಆಗಿತ್ತು. ಒಂದು ಮೇಜು, ಒಂದು ಸಿಂಬೆ, ಒಂದು ಹುಡುಗಿಯ ಎರಡು ಕೈ. ಫ್ಯಾನು ಬೇಕಾಗಿಯೇ ಇರಲಿಲ್ಲ. ಬ್ಯಾರೆ ಏನಾರ ಮಾಡೋಣು ಎಂದಿದ್ದನಲ್ಲ ಯೂಸುಫ್, ಅವನ ಮನಸ್ಸಿನಲ್ಲಿ ಇದ್ದದ್ದು ಇದೇ ಇರಬಹುದು. ತಾವು ಕೇಳಲೇ ಇಲ್ಲ. 'ಸರ್, ಅಳಾಕತ್ತೀರೇನ್ರಿ?' ಎಂದಳು ಗೀತಾಂಜಲಿ. 'ಕಣ್ಣಾಗ ಧೂಳು ಬಿತ್ತವ್ವ,' ಎಂದರು. ಆಷಾಢದಲ್ಲಿ ಈ ಮಾತನ್ನು ಯಾರೂ ಸುಳ್ಳೆನ್ನುವುದಿಲ್ಲ.

ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಗುರುಮೂರ್ತಿಯವರು ಡಬ್ಬಿ ಬಿಚ್ಚುತ್ತಾ, 'ಆ ಸಾಬಣ್ಣ ಊರು ಬಿಡ್ತಾನಂತಲ್ರಿ, ಒಳ್ಳೇದಾತು ಬಿಡ್ರಿ. ಅವತ್ತ ನೀವು ಅಷ್ಟು ನೀಟಾಗಿ ರಿಪೋರ್ಟ್ ಬರದಿದ್ದಕ್ಕ ನಮ್ಮ ಸಾಲಿ ಮರ್ಯಾದಿ ಉಳೀತು,' ಎಂದು, ಮೆಚ್ಚಿ, ಒಂದು ಹೋಳು ಉಪ್ಪಿನಕಾಯಿಯನ್ನು ಮೇಷ್ಟ್ರ ತಟ್ಟೆಗೆ ಹಾಕಿದರು. ಈಗಲೇ ಹೇಳಿಬಿಡಬಹುದಿತ್ತು. ಬಾಯಲ್ಲಿ ಅನ್ನವಿತ್ತು. ಅನ್ನ ನುಂಗುವ ಹೊತ್ತಿಗೆ ಹೆಡ್ಮೇಷ್ಟ್ರು ಬೇರೆ ಮಾತಿಗೆ ಹೋಗಿದ್ದರು. ಹಾಲಸ್ವಾಮಿ ಮೇಷ್ಟ್ರು ಆ ಉಪ್ಪಿನಕಾಯಿಯನ್ನೂ ತಿಂದರು. ಅದು ಅವರಿಗೆ ಆಮೇಲೆ ಬಹಳ ಹೊತ್ತು ಚುಚ್ಚಿತು, ತಿನ್ನದೆಯಾದರೂ ಇರಬಹುದಿತ್ತಲ್ಲ ಎಂದು.

ನಾಲ್ಕೂವರೆಗೆ ಗಂಟೆ ಹೊಡೆಯಿತು. ಯೂಸುಫ್‌ನ ಅಂಗಡಿಗೆ ಐದು ನಿಮಿಷದ ದಾರಿ. ಬರಿಗೈಲಿ ಹೇಗೆ ಹೋಗುವುದೆಂದು ಬಾಳೆಹಣ್ಣು ಕೊಳ್ಳಲು ಬಸ್‌ಸ್ಟ್ಯಾಂಡಿಗೆ ಹೋದರು. ಹಣ್ಣು ಕೊಂಡು, ಮಗಳ ಮನೆಗೆ ಹೋಗುವವನಿಗೆ ಖಾರ ಮಂಡಕ್ಕಿಯೂ ಇರಲೆಂದು ಇನ್ನೊಂದು ಬೀದಿಗೆ ಹೋದರು. ಹೂವಿನಹಡಗಲಿಯ ಬಸ್ಸಿನಿಂದ ಮಲ್ಲಿಗೆಯ ಬುಟ್ಟಿಗಳು ಇಳಿಯುತ್ತಿದ್ದವು. ನಿಂತು ಅದನ್ನೂ ನೋಡಿದರು. ಗಾಳಿಗೆ ವಾಸನೆ ಇವರನ್ನು ಮುಟ್ಟುವ ಮೊದಲೇ ಎತ್ತಲೋ ಹಾರಿಹೋಗುತ್ತಿತ್ತು. ಥೂ, ಎಂಥ ಮನುಷ್ಯನಯ್ಯಾ ನೀನು, ಎಂದು ತಮ್ಮನ್ನೇ ಬೈದುಕೊಂಡರು. ಐದಕ್ಕೆ ಹತ್ತು ನಿಮಿಷವಿದೆ ಎನ್ನುವಾಗ, ಹಣ್ಣಿನ ಚೀಲವನ್ನು ಎದೆಗೊತ್ತಿಕೊಂಡು, ಐವತ್ತೇಳರ ವಯಸ್ಸಿನ ಮೇಷ್ಟ್ರು ನಡುಬೀದಿಯಲ್ಲಿ ಓಡಿದರು.

ಗಾಡಿ ನಿಂತಿತ್ತು. ತಂತಿ ಸುತ್ತುವ ಕೈಯಂತ್ರ, ರೆಕ್ಕೆಗಳ ಕಟ್ಟು, ಎರಡು ಟ್ರಂಕು ಎಲ್ಲ ಏರಿದ್ದವು. ಯೂಸುಫ್ ಸಾಬ್ ಖಾಲಿ ಅಂಗಡಿಯ ನೆಲ ಗುಡಿಸುತ್ತಿದ್ದ. ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ಒಂದೇ ಊರಿನಲ್ಲಿದ್ದು ಇದನ್ನು ನೋಡಿರಲಿಲ್ಲ. 'ಕುಂದರ್ರಿ ಅನ್ನಾಕ ಸ್ಟೂಲು ಗಾಡಿ ಏರೇತ್ರಿ,' ಎಂದ, ತಲೆಯೆತ್ತದೆ. ಮೇಷ್ಟ್ರು ವರ್ಷಗಟ್ಟಲೆ ಸಂಜೆ ಕೂತಿದ್ದ ಸ್ಟೂಲು ಅದು. ಗಾಡಿಯ ಮೇಲೆ ಕಾಲು ಮೇಲಾಗಿ ಮಲಗಿತ್ತು.

'ಯೂಸುಫ್, ಆ ಫ್ಯಾನು,' ಎಂದರು. ಏದುಸಿರು ಇನ್ನೂ ಇಳಿದಿರಲಿಲ್ಲ. 'ನೀ ಬ್ಯಾಡ ಅಂದಿದ್ದಿ. ನಾನು ಗಡಿಗಿ ಕಟ್ಟಿದ್ದೆ.'

'ಗೊತ್ತೈತಿ.'

ಗಾಳಿ ಒಳಗೆ ನುಗ್ಗಿ, ಗುಡಿಸಿದ ಕಸವನ್ನೆಲ್ಲ ಮತ್ತೆ ಹರಡಿತು. ಯೂಸುಫ್ ಅದನ್ನು ನೋಡಿ, ಪೊರಕೆಯನ್ನು ಮೂಲೆಗೆ ಇಟ್ಟುಬಿಟ್ಟ.

'ಅವತ್ತ ಹೇಳಿ ಕಳ್ಸಿದಾಗ ನಾನ ಮೊದ್ಲ ಬಂದೆ. ಹುಡುಗೀನ ದವಾಖಾನಿಗೆ ಒಯ್ದಿದ್ರು, ಕ್ಲಾಸಿನ್ಯಾಗ ಯಾರೂ ಇರ್ಲಿಲ್ಲ. ಫ್ಯಾನಿನ ಬುಡಕ ನಿಮ್ಮ ದಾರದ ಗಂಟು ಇನ್ನಾ ಇತ್ತು. ಕೊಯ್ದು ಜೇಬಿನ್ಯಾಗ ಹಾಕ್ಕಂಡೆ.'

'ಯಾಕ? ಯಾಕ ಹಾಕ್ಕಂಡಿ?'

'ಬ್ಯಾರೇಯವ್ರ ಕಣ್ಣಿಗೆ ಬಿದ್ರ ನಿಮ್ಮನ್ನ ಹಿಡೀತಿದ್ರು. ನೀವ ಹೇಳಿದ್ರ ಅದರ ಮಾತ ಬ್ಯಾರೆ. ಒಂದು ತಾಸಿನ್ಯಾಗ ಹೇಳ್ತೀರಿ ಅಂದ್ಕಂಡೆ. ಸಂಜಿಗೆ ಹೇಳ್ತೀರಿ ಅಂದ್ಕಂಡೆ.' ಅವನು ಮೊದಲ ಬಾರಿಗೆ ಮೇಷ್ಟ್ರ ಮುಖ ನೋಡಿದ. 'ಆಮ್ಯಾಲೆ ಹೆಡ್ಮೇಷ್ಟ್ರು ಸಹಿ ಮಾಡು ಅಂತ ಕಾಗದ ಕೊಟ್ರು. ಅದರಾಗ ನಿಮ್ಮ ಅಕ್ಷರ ಇತ್ತು. ಅವತ್ತ ಕಾಯೋದು ಬಿಟ್ಟೆ.'

'ಮಾಫ್ ಮಾಡು ಯೂಸುಫ್.'

'ಮಾಫಿಗೇನ್ರಿ,' ಎಂದ ಅವನು. 'ನೀವು ಬಂದು ನನಗ ಹೇಳಿದ್ರಿ. ನನಗ ಮೊದ್ಲ ಗೊತ್ತಿತ್ತು ಮೇಷ್ಟ್ರೇ. ಗೊತ್ತಿಲ್ದವ್ರು ಊರ ತುಂಬ ಅದಾರ.' ಡ್ರೈವರ್ ಹಾರ್ನ್ ಹೊಡೆದ. ಯೂಸುಫ್ ಶಟರ್ ಎಳೆದು, ಬೀಗ ಹಾಕಿ, ಎರಡು ಸಲ ಜಗ್ಗಿ ನೋಡಿದ. ಹಣ್ಣಿನ ಚೀಲವನ್ನು ತೆಗೆದುಕೊಂಡ. ಇಷ್ಟು ವರ್ಷದ ಗೆಳೆಯನಿಗೆ ಬೇಡ ಎನ್ನಲಾರದೆ ತೆಗೆದುಕೊಂಡನೋ, ದಾರಿಯಲ್ಲಿ ಹಸಿವಾಗುತ್ತದೆಂದು ತೆಗೆದುಕೊಂಡನೋ, ಮೇಷ್ಟ್ರಿಗೆ ತಿಳಿಯಲಿಲ್ಲ. ಗಾಡಿ ಹರಪನಹಳ್ಳಿ ರಸ್ತೆಗೆ ತಿರುಗುವವರೆಗೂ ಆ ಸ್ಟೂಲಿನ ಕಾಲುಗಳು ಕಾಣುತ್ತಿದ್ದವು.

ಶಾಲೆಯ ಗೇಟಿನ ಪಕ್ಕ, ಬೀದಿಗೆ ಮುಖಮಾಡಿ, ಒಂದು ಕರಿಹಲಗೆಯಿದೆ. ದಿನಕ್ಕೊಂದು ಒಳ್ಳೆಯ ಮಾತನ್ನು ಹಿಂದಿನ ಸಂಜೆಯೇ ಅದರ ಮೇಲೆ ಬರೆದಿಡುವುದು ಹಾಲಸ್ವಾಮಿ ಮೇಷ್ಟ್ರ ಪದ್ಧತಿ. ಬೆಳಿಗ್ಗೆ ಮಕ್ಕಳು, ಹಾಲು ತರುವವರು, ಯರ್ರೆಪ್ಪನ ಗಿರಾಕಿಗಳು, ಹೆಡ್ಮೇಷ್ಟ್ರು, ಎಲ್ಲರೂ ಓದಿಯೇ ಮುಂದೆ ಹೋಗುವುದು. ಮೇಷ್ಟ್ರು ಒದ್ದೆ ಬಟ್ಟೆಯಿಂದ ಹಲಗೆ ಒರೆಸಿದರು. ಒಣಗುವವರೆಗೆ ಕಾಯಬೇಕಾಗಲಿಲ್ಲ, ಗಾಳಿ ಕ್ಷಣದಲ್ಲಿ ಒಣಗಿಸಿತು. ಬರೆದರು: ಎರಡು ವರ್ಷದ ಹಿಂದೆ ಎಂಟನೇ ತರಗತಿಯ ಫ್ಯಾನು ಬಿದ್ದದ್ದಕ್ಕೆ ಯೂಸುಫ್ ಸಾಬ್ ಕಾರಣರಲ್ಲ. ಅವರು ಬೇಡವೆಂದರೂ ಅದಕ್ಕೆ ಭಾರ ಕಟ್ಟಿದವನು ನಾನು. ಸದ್ದು ಕೇಳಿಯೂ ಸುಮ್ಮನಿದ್ದವನು ನಾನು. ಸುಳ್ಳು ವರದಿ ಬರೆದವನೂ ನಾನು. ಹಾಲಸ್ವಾಮಿ, ಸಹ ಶಿಕ್ಷಕ. ಅಕ್ಷರಗಳು ಕೆಡಲಿ ಎಂದು ಆಸೆಪಟ್ಟರು. ಕೆಡಲಿಲ್ಲ, ಎಂದಿನಂತೆ ದುಂಡಗೆ, ಸಾಲು ತಪ್ಪದೆ ನಿಂತವು. ಬೆಳಿಗ್ಗೆ ಓದುವವರಲ್ಲಿ ಯೂಸುಫ್ ಇರುವುದಿಲ್ಲ.

ಮನೆಗೆ ಬಂದಾಗ ಇನ್ನೂ ಬೆಳಕಿತ್ತು. ಚಪ್ಪಲಿ ಬಿಚ್ಚದೆ ನೇರ ಹೋಗಿ ಫ್ಯಾನಿನ ಸ್ವಿ‌ಚ್ಚು ಒತ್ತಿದರು. ಎರಡು ವರ್ಷದ ಧೂಳು ಮೊದಲು ತಲೆಯ ಮೇಲೆ, ಹಾಸಿಗೆಯ ಮೇಲೆ ಉದುರಿತು. ಆಮೇಲೆ ಗಾಳಿ ಬಂತು, ತಣ್ಣಗೆ, ಕೋಣೆಯ ಮೂಲೆ ಮೂಲೆಗೂ. ಮೇಷ್ಟ್ರು ಧೂಳಿನ ಹಾಸಿಗೆಯ ಮೇಲೆಯೇ ಅಂಗಾತ ಬಿದ್ದುಕೊಂಡು ಕಿವಿಗೊಟ್ಟರು. ಎರಡು ವರ್ಷ ಮುಟ್ಟದೆ ಬಿಟ್ಟದ್ದು, ಎಣ್ಣೆ ಕಾಣದ್ದು, ಎಲ್ಲಾದರೂ ಒಮ್ಮೆ ಟಕ್ ಎನ್ನಬಹುದು. ಎಂದರೆ ಸಾಕು, ಯೂಸುಫ್‌ನ ಕೈಯಲ್ಲೂ ಒಂದು ಕೊರತೆ ಇತ್ತೆಂದು ಮನಸ್ಸಿಗೆ ಅಷ್ಟಾದರೂ ಹಗುರ. ರೆಗ್ಯುಲೇಟರನ್ನು ಐದಕ್ಕೆ ಏರಿಸಿ ಮತ್ತೆ ಬಂದು ಮಲಗಿದರು. ಕತ್ತಲಾಗುವವರೆಗೂ ಕಾದರು. ಅದು ಒಂದು ಸದ್ದೂ ಮಾಡಲಿಲ್ಲ.